ಸಾಕ್ಸ್‌ಲೆಟ್ ಸೆಟ್ ತರಿಸಿ ಎರಡು ವರ್ಷ: ನಮ್ಮ ಮೆಣಸಿನಲ್ಲಿ ಎಷ್ಟಿದೆ ಅಂತ ಈಗ ನನಗೆ ಗೊತ್ತು

ಸಾಕ್ಸ್‌ಲೆಟ್ ಅಂದರೆ ಗಿಡಮೂಲಿಕೆ, ಸಾಂಬಾರ ಪದಾರ್ಥಗಳ ಪುಡಿಯಿಂದ ಸತ್ವ ಎಳೆದು ತೆಗೆಯುವ ಗಾಜಿನ ಉಪಕರಣ. ಮೊದಲೇ ಹೇಳಿಬಿಡುತ್ತೇನೆ. ಗಿಡಮೂಲಿಕೆಯ ಸಾರ ತೆಗೆದು ಬಾಟಲಿಗೆ ತುಂಬಿ ಮಾರುವ ಯೋಚನೆ ಇದ್ದರೆ ಈ ಸೆಟ್ ತಗೊಳ್ಳಬೇಡಿ. ನಿಮ್ಮ ತೋಟದ ಕಾಳುಮೆಣಸು, ಶುಂಠಿ, ಅರಿಶಿನದಲ್ಲಿ ಎಷ್ಟು ಸತ್ವ ಇದೆ ಅಂತ ನೀವೇ ಅಳೆದು ನೋಡಬೇಕು ಅಂತಿದ್ದರೆ ತಗೊಳ್ಳಿ. ನಾನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಕೊಟ್ಟ ದುಡ್ಡಿಗೆ ಮೋಸ ಆಗಿಲ್ಲ.

ತರಿಸಿದ್ದು ಇಷ್ಟು. 500 ಎಂ.ಎಲ್. ಗುಂಡು ತಳದ ಗಾಜಿನ ಫ್ಲಾಸ್ಕ್. ಅದರ ಮೇಲೆ ಕೂರುವ 200 ಎಂ.ಎಲ್. ಎಕ್ಸ್‌ಟ್ರಾಕ್ಟರ್, ಅಂದರೆ ಪುಡಿ ಇಡುವ ಕೊಳವೆ. ಅದರ ಮೇಲೆ ಆವಿ ತಣಿಸುವ, ಒಳಗೆ ಗುಂಡು ಗುಂಡಾಗಿ ಉಬ್ಬಿರುವ ಕಂಡೆನ್ಸರ್. ಜೊತೆಗೆ ಪುಡಿ ತುಂಬುವ ಕಾಗದದ ಎರಡು ತಿಂಬಲ್, ಒಂದು ಸ್ಟ್ಯಾಂಡು, ಎರಡು ಕ್ಲಾಂಪು, ನೀರಿನ ರಬ್ಬರ್ ನಳಿಗೆ. ಬಿಸಿ ಮಾಡಲು ಹೀಟಿಂಗ್ ಮ್ಯಾಂಟಲ್, ಅಂದರೆ ಫ್ಲಾಸ್ಕ್ ಕೂರಿಸುವ ಕರೆಂಟ್ ಒಲೆ, ಬೇರೆಯೇ ತಗೊಳ್ಳಬೇಕು. ಗಾಜಿನ ಸೆಟ್ಟಿಗೆ 3,850, ಮ್ಯಾಂಟಲ್‌ಗೆ 2,400 ರೂಪಾಯಿ ಬಿತ್ತು. ಬಂದಿದ್ದು ಹರಿಯಾಣದ ಅಂಬಾಲಾದಿಂದ. ಕಾಲೇಜು ಲ್ಯಾಬುಗಳಿಗೆ ಗಾಜಿನ ಸಾಮಾನು ಮಾಡುವ ದೊಡ್ಡ ಊರು ಅದು.

ಇದನ್ನೆಲ್ಲ ಹಳ್ಳಿಮನೆಗೆ ಯಾಕೆ ತರಿಸಿದೆ ಅಂತ ಹೇಳದಿದ್ದರೆ ಈ ವಿಮರ್ಶೆಗೆ ಅರ್ಥ ಇಲ್ಲ. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಬೆಂಗಳೂರಿನಲ್ಲಿ ಗಿಡಮೂಲಿಕೆ ಸಾರ ತೆಗೆಯುವ ಒಂದು ಕಂಪನಿಯ ಲ್ಯಾಬಿನಲ್ಲಿ 6 ವರ್ಷ ಕೆಲಸ ಮಾಡಿ, ಮದುವೆಯಾಗಿ ಶಿರಸಿ ಕಡೆಯ ಹಳ್ಳಿಗೆ ಬಂದೆ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಬೆಟ್ಟದಲ್ಲಿ ನಾಲ್ಕೈದು ಮುರುಗಲು (ಕೋಕಂ), ಅದೇ ಜಾತಿಯ ಹುಳಿ ಹಣ್ಣಿನ ಎರಡು ಉಪ್ಪಾಗೆ ಮರ ಇವೆ.

ಮೆಣಸು ಮಾರಲು ಒಯ್ದರೆ ವ್ಯಾಪಾರಿಗಳು ಮೊದಲು ನೋಡುವುದು ಲೀಟರ್ ತೂಕ. ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ಮೆಣಸು ಹಿಡಿಯಿತು ಅನ್ನುವ ಲೆಕ್ಕ. 550 ಗ್ರಾಂ ಬಂದರೆ ಒಳ್ಳೆ ಮಾಲು. ಜೊಳ್ಳು ಜಾಸ್ತಿ ಇದ್ದರೆ ತೂಕ ಇಳಿಯುತ್ತದೆ, ದರವೂ ಇಳಿಯುತ್ತದೆ. ಮೂರು ವರ್ಷದ ಹಿಂದೆ ಒಬ್ಬ ವ್ಯಾಪಾರಿ ನಮ್ಮ ಇಡೀ ಒಂದೂವರೆ ಕ್ವಿಂಟಲ್ ಮಾಲಿಗೆ ಕೆಜಿಗೆ 40 ರೂಪಾಯಿ ಕಡಿದ. "ಜೊಳ್ಳು ಬಂದಿದೆಯಲ್ಲ ಹೆಗಡೇರೇ, ಇದು ಎಂತಕ್ಕೂ ಬರೋದಿಲ್ಲ" ಅಂದ. ನಮ್ಮವರು ಮರುಮಾತಾಡದೆ ದುಡ್ಡು ತಗೊಂಡು ಮನೆಗೆ ಬಂದರು. ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳು ಹುಡುಕಿಕೊಂಡು ಹೋಗಿ ಕೊಳ್ಳುವುದೇ ಹಗುರ ಮೆಣಸನ್ನು!

ಓಲಿಯೋರೆಸಿನ್ ಅಂದರೆ ಮೆಣಸಿನ ಖಾರ, ಘಮ ಎರಡೂ ಇರುವ ಗಟ್ಟಿ ರಸ. ಮೆಣಸಿನ ಪುಡಿಯನ್ನು ಸಾಲ್ವೆಂಟ್‌ನಲ್ಲಿ, ಅಂದರೆ ದ್ರಾವಕದಲ್ಲಿ ನೆನೆಸಿ, ಆಮೇಲೆ ದ್ರಾವಕವನ್ನು ಆವಿ ಮಾಡಿ ತೆಗೆದರೆ ಉಳಿಯುವುದೇ ಇದು. ಖಾರ ಕೊಡುವುದು ಪೈಪರಿನ್. ಡೆನ್ಮಾರ್ಕಿನ ಅರ್‌ಸ್ಟೆಡ್ ಅದನ್ನು 1819ರಲ್ಲಿ ಬೇರ್ಪಡಿಸಿದ. ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನಂಟಿದೆ ಅಂತ ತೋರಿಸಿದವನೂ ಅವನೇ. ಮೆಣಸಿನ ಕಾಳಿನಲ್ಲಿ ಎಣ್ಣೆ, ಖಾರ ಮೊದಲು ತುಂಬಿಕೊಳ್ಳುತ್ತವೆ. ಕಾಳು ಬಲಿಯುತ್ತಾ ಹೋದಂತೆ ಪಿಷ್ಟ ಸೇರಿ ತೂಕ ಬರುತ್ತದೆ. ಹಾಗಾಗಿ ಗ್ರಾಮಿಗೆ ಗ್ರಾಂ ಲೆಕ್ಕ ಹಾಕಿದರೆ ಬಲಿಯದ ಕಾಳಿನಲ್ಲೇ ಸತ್ವ ಜಾಸ್ತಿ. ಇದು ಪುಸ್ತಕದಲ್ಲಿ ಓದಿದ್ದು. ನಮ್ಮ ತೋಟದ ಮೆಣಸಿನಲ್ಲಿ ಹೌದೋ ಅಲ್ಲವೋ ಅಂತ ನೋಡಬೇಕಿತ್ತು.

ಪಾರ್ಸೆಲ್ ಬಂದ ದಿನ ಮಾತ್ರ ಬೇಜಾರಾಯಿತು. ಎಕ್ಸ್‌ಟ್ರಾಕ್ಟರಿನ ಪಕ್ಕದಲ್ಲಿ ಪೆನ್ಸಿಲ್ಲಿಗಿಂತ ತೆಳ್ಳಗಿನ ಒಂದು ಬಾಗಿದ ನಳಿಗೆ ಇರುತ್ತದೆ. ಅದೇ ಸೈಫನ್, ಇಡೀ ಸೆಟ್ಟಿನ ಜೀವ. ಅದು ಮುರಿದಿತ್ತು. ಥರ್ಮಾಕೋಲ್ ಇಟ್ಟಿದ್ದರು, ಆದರೆ ಸೈಫನ್ ಇರುವ ಕಡೆ ಟೊಳ್ಳು ಬಿಟ್ಟಿದ್ದರು. ಫೋಟೋ ಕಳಿಸಿ ನಾಲ್ಕು ಸಲ ಫೋನ್ ಮಾಡಿದ ಮೇಲೆ ಬೇರೆ ಕಳಿಸಿದರು, 23 ದಿನ ಹಿಡಿಯಿತು. ನೀವು ತರಿಸುವುದಾದರೆ ಡಬ್ಬಿ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳಿ. ಗಾಜಿನ ಗುಣದ ಬಗ್ಗೆ ತಕರಾರಿಲ್ಲ. ಬೊರೋಸಿಲಿಕೇಟ್ ಗಾಜು, ಜಾಯಿಂಟ್‌ಗಳು ಸರಿಯಾಗಿ ಕೂರುತ್ತವೆ, ಇಷ್ಟು ಸಲ ಬಿಸಿ ಮಾಡಿ ತಣಿಸಿದರೂ ಎಲ್ಲೂ ಸೀಳು ಬಿಟ್ಟಿಲ್ಲ. ಕಬ್ಬಿಣದ ಕ್ಲಾಂಪು ಮಾತ್ರ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು. ನಮ್ಮ ಕಡೆಯ ಮಳೆಗೆ ಸ್ಟೀಲಿನದೇ ಬೇಕು.

ಕೆಲಸ ಮಾಡುವ ರೀತಿ ನೋಡಲು ಚಂದ. ಮೆಣಸಿನ ತರಿಪುಡಿಯನ್ನು ದಪ್ಪ ಕಾಗದದ ತಿಂಬಲ್‌ಗೆ ತುಂಬಿ, ಮೇಲೆ ಸ್ವಲ್ಪ ಹತ್ತಿ ಇಟ್ಟು ಎಕ್ಸ್‌ಟ್ರಾಕ್ಟರಿನೊಳಗೆ ಇಳಿಸುತ್ತೇನೆ. ಕೆಳಗಿನ ಫ್ಲಾಸ್ಕಿಗೆ 300 ಎಂ.ಎಲ್. ಈಥೈಲ್ ಅಸಿಟೇಟ್ ಅನ್ನುವ ದ್ರಾವಕ. ಕುದಿಯುವಾಗ ಉಕ್ಕದಿರಲಿ ಅಂತ ತೊಳೆದು ಒಣಗಿಸಿದ ಹೆಂಚಿನ ಚೂರು ನಾಲ್ಕೈದು. ಮ್ಯಾಂಟಲ್ ಹಚ್ಚಿದರೆ ದ್ರಾವಕ 77 ಡಿಗ್ರಿಯಲ್ಲಿ ಕುದಿದು ಆವಿಯಾಗಿ ಮೇಲೆ ಹೋಗುತ್ತದೆ. ಕಂಡೆನ್ಸರಿನಲ್ಲಿ ತಣಿದು ಹನಿ ಹನಿಯಾಗಿ ಪುಡಿಯ ಮೇಲೆ ಬೀಳುತ್ತದೆ. ಪುಡಿ ಮುಳುಗುವಷ್ಟು ತುಂಬಿದ ಕೂಡಲೇ ಸೈಫನ್ ಎಳೆದುಕೊಂಡು ಎಲ್ಲವನ್ನೂ ಒಂದೇ ಸಲ ಗುಳಗುಳನೆ ಫ್ಲಾಸ್ಕಿಗೆ ಇಳಿಸುತ್ತದೆ. ಸತ್ವ ಕೆಳಗೆ ಉಳಿಯುತ್ತದೆ, ದ್ರಾವಕ ಮಾತ್ರ ಮತ್ತೆ ಶುದ್ಧವಾಗಿ ಮೇಲೇರುತ್ತದೆ. ಹಾಗಾಗಿ ಪುಡಿಗೆ ಪ್ರತಿ ಸಲವೂ ಹೊಸ ದ್ರಾವಕವೇ ಸಿಕ್ಕಂತೆ. ಸ್ವಲ್ಪವೇ ದ್ರಾವಕದಲ್ಲಿ ಪೂರ್ತಿ ಸತ್ವ ಬರುವುದು ಇದರಿಂದಲೇ. ಮೊದಲ ಸೈಫನ್ ಗಾಢ ಹಸಿರು ಮಿಶ್ರಿತ ಹಳದಿ. ಹತ್ತನೆಯದು ತಿಳಿ ಹಳದಿ. 26ನೆಯದರಲ್ಲಿ ಬಣ್ಣವೇ ಇಲ್ಲ. ಅಷ್ಟಕ್ಕೆ ಐದೂವರೆ ಗಂಟೆ.

ಇದನ್ನು ಕಂಡುಹಿಡಿದ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಜರ್ಮನಿಯ ಕೃಷಿ ರಸಾಯನ ವಿಜ್ಞಾನಿ. 1879ರಲ್ಲಿ ಹಾಲಿನ ಕೊಬ್ಬು ಅಳೆಯಲಿಕ್ಕೆ ಅಂತ ಮಾಡಿದ್ದು. ಹಾಲಿಗೆ ಫ್ಯಾಟ್ ನೋಡಿ ದರ ಕೊಡುವುದು ನಮ್ಮ ಡೇರಿಗಳಲ್ಲಿ ಎಲ್ಲರಿಗೂ ಗೊತ್ತು. ಮೆಣಸಿಗೆ ಮಾತ್ರ ಇನ್ನೂ ಲೀಟರ್ ಪಾತ್ರೆ.

ಕಂಡೆನ್ಸರಿಗೆ ತಣ್ಣೀರು ಹರಿಯುತ್ತಲೇ ಇರಬೇಕು. ಬೆಂಗಳೂರಿನ ಲ್ಯಾಬಿನಲ್ಲಿ ಇದಕ್ಕೆ ನೀರು ತಣಿಸುವ ಚಿಲ್ಲರ್ ಯಂತ್ರ ಇತ್ತು. ಇಲ್ಲಿ ನಮಗೆ ಅಬ್ಬಿ ನೀರು ಇದೆ. ಗುಡ್ಡದ ಮೇಲಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ, ಪಂಪ್ ಬೇಡ, ಕರೆಂಟ್ ಬೇಡ. ಕಂಡೆನ್ಸರ್ ದಾಟಿದ ನೀರು ತೋಟದ ಕಾಲುವೆಗೆ ಹೋಗುತ್ತದೆ. ಡಿಸೆಂಬರಿನಲ್ಲಿ ಎಷ್ಟು ತಣ್ಣಗಿರುತ್ತದೆ ಅಂದರೆ ದ್ರಾವಕದ ವಾಸನೆಯೇ ಹೊರಗೆ ಬರುವುದಿಲ್ಲ. ಏಪ್ರಿಲ್ ಕಳೆದ ಮೇಲೆ ಅಬ್ಬಿ ಸಣ್ಣಗಾಗುತ್ತದೆ. ಆಗ ಬಕೆಟಿಗೆ ಐಸ್ ಹಾಕಿ ಮೀನಿನ ತೊಟ್ಟಿಯ ಪಂಪಿನಿಂದ ನಡೆಸಿದ್ದೆ. ನಡೆಯಿತು, ಆದರೆ ತಲೆನೋವಿನ ಕೆಲಸ. ಮಧ್ಯೆ ಕರೆಂಟ್ ಹೋದರೆ ಚಿಂತೆ ಇಲ್ಲ. ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಮಳೆಗಾಲದ ಮಲೆನಾಡಿನಲ್ಲಿ ಇದು ಸಣ್ಣ ಸಂಗತಿ ಅಲ್ಲ.

ಈಗ ಫಲಿತಾಂಶ. ಗೆರಸಿಯಲ್ಲಿ ಕೇರಿ ಜೊಳ್ಳು ಬೇರೆ, ಗಟ್ಟಿ ಕಾಳು ಬೇರೆ ಮಾಡಿದೆ. ಎರಡನ್ನೂ ಸಮ ಒಣಗಿಸಿ ತಲಾ 20 ಗ್ರಾಂ ತೂಗಿದೆ. ಗಟ್ಟಿ ಕಾಳಿನಿಂದ 1.9 ಗ್ರಾಂ ಓಲಿಯೋರೆಸಿನ್ ಬಂತು, ಅಂದರೆ ನೂರಕ್ಕೆ 9.5. ಜೊಳ್ಳಿನಿಂದ 2.7 ಗ್ರಾಂ, ನೂರಕ್ಕೆ 13.5. ನಂಬಿಕೆ ಬರಲಿಲ್ಲ. ಮತ್ತೆರಡು ಸಲ ಮಾಡಿದೆ. ಅಂಕಿ ಸ್ವಲ್ಪ ಆಚೀಚೆ ಆಯಿತು, ಆದರೆ ಜೊಳ್ಳೇ ಮುಂದೆ. ಫ್ಲಾಸ್ಕಿನ ತಳದಲ್ಲಿ ಉಳಿದದ್ದು ಕಪ್ಪು ಹಸಿರು ಬಣ್ಣದ, ಜೋನಿಬೆಲ್ಲಕ್ಕಿಂತ ಗಟ್ಟಿಯಾದ ರಸ. ಕಡ್ಡಿಯ ತುದಿಯಲ್ಲಿ ಎತ್ತಿದರೆ ನೂಲು ನೂಲಾಗಿ ಇಳಿಯುತ್ತಿತ್ತು. ಮೂರನೇ ದಿನ ನೋಡಿದರೆ ಗಾಜಿಗೆ ಅಂಟಿಕೊಂಡು ರವೆಯಂತೆ ಸಣ್ಣ ಹಳದಿ ಹರಳು ಕೂತಿತ್ತು. ಅದು ಪೈಪರಿನ್. ನಮ್ಮ ತೋಟದ ಮೆಣಸಿನ ಖಾರವನ್ನು ಕಣ್ಣಿಂದ ನೋಡಿದ್ದು ಅದೇ ಮೊದಲು. ಅಂಗಳದಲ್ಲಿ ಅಡಿಕೆ ಹರಗುತ್ತಿದ್ದ ನಮ್ಮವರನ್ನು ಕರೆದು ತೋರಿಸಿದೆ. ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಇದನ್ನೇ ಎಂತಕ್ಕೂ ಬರೋದಿಲ್ಲ ಅಂದಿದ್ದಲ್ವಾ ಅವ" ಅಂದರು.

ಒಂದು ಮಾತು ಸೇರಿಸಬೇಕು. ಕೊನೆಯಲ್ಲಿ ದ್ರಾವಕ ಹಾರಿಸುವಾಗ ಘಮದ ಎಣ್ಣೆಯೂ ಸ್ವಲ್ಪ ಹಾರಿಹೋಗುತ್ತದೆ. ದೊಡ್ಡ ಲ್ಯಾಬಿನಲ್ಲಿ ರೋಟರಿ ಎವಾಪೊರೇಟರ್ ಇರುತ್ತದೆ. ಅದು ಫ್ಲಾಸ್ಕನ್ನು ತಿರುಗಿಸುತ್ತಾ, ಒಳಗಿನ ಗಾಳಿ ಎಳೆದು, ಕಡಿಮೆ ಬಿಸಿಯಲ್ಲೇ ದ್ರಾವಕ ಹೋಗುವಂತೆ ಮಾಡುತ್ತದೆ. ಎಥೆನಾಲ್ (ಮದ್ಯಸಾರ) ಮಾಮೂಲಾಗಿ 78 ಡಿಗ್ರಿಗೆ ಕುದಿಯುವುದು, ಅದರಲ್ಲಿ 40 ಡಿಗ್ರಿಗೇ ಕುದಿಯುವಂತೆ ಮಾಡಬಹುದು. ಅದರ ಬೆಲೆ ನಮ್ಮ ಕೈಗೆ ನಿಲುಕುವುದಲ್ಲ. ಹಾಗಾಗಿ ನನ್ನ ಅಂಕಿ ನಿಜಕ್ಕಿಂತ ಸ್ವಲ್ಪ ಕಡಿಮೆಯೇ ಇರಬಹುದು. ಎರಡು ಮಾಲು ಹೋಲಿಸಲು ಅದು ಅಡ್ಡಿ ಆಗುವುದಿಲ್ಲ.

ಮುರುಗಲಿನಲ್ಲಿ ಈ ಸೆಟ್ ಕೈಕೊಟ್ಟಿತು. ಒಣ ಸಿಪ್ಪೆಯನ್ನು ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ 4 ಗಂಟೆ ನಡೆಸಿದೆ. ಮೊದಲ ಸೈಫನ್ ಕೆಂಪು ದಾಸವಾಳದ ಹಾಗೆ ಇಳಿಯಿತು. ಸಂಜೆ ಹೊತ್ತಿಗೆ ಫ್ಲಾಸ್ಕಿನಲ್ಲಿದ್ದದ್ದು ಚಹಾದ ಕಂದು. ಮುರುಗಲಿನ ಕೆಂಪು ಆಂಥೋಸಯಾನಿನ್ ಅನ್ನುವ ಬಣ್ಣದ ಅಂಶದ್ದು, ಅದಕ್ಕೆ ಬಿಸಿ ಆಗಿಬರುವುದಿಲ್ಲ. ಸಾಕ್ಸ್‌ಲೆಟ್‌ನಲ್ಲಿ ಪುಡಿಗೆ ಅಷ್ಟು ಬಿಸಿ ತಾಗುವುದಿಲ್ಲ. ಆದರೆ ಇಳಿದ ಸತ್ವ ಕೆಳಗಿನ ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಕುದಿಯುತ್ತದೆ. ಅದೇ ಸಿಪ್ಪೆಯನ್ನು ರಾತ್ರಿ ತಣ್ಣೀರಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಒಳ್ಳೆ ಕೆಂಪು. ಇನ್ನಷ್ಟು ಸಿಪ್ಪೆಯನ್ನು ಈಥೈಲ್ ಅಸಿಟೇಟಿನಲ್ಲಿ ಸುಮ್ನೆ ಬಾಟಲಿಯಲ್ಲಿಟ್ಟು ನೋಡಿದೆ. ಕೆಂಪು ಹೆಚ್ಚುಕಡಿಮೆ ಬರಲೇ ಇಲ್ಲ, ಹಳದಿ ಇಳಿಯಿತು. ಮುರುಗಲಿನಲ್ಲಿರುವ ಗಾರ್ಸಿನಾಲ್ ಹಳದಿ, ನೀರಿಗೆ ಬಾರದು, ಇಂಥ ದ್ರಾವಕಕ್ಕೆ ಬರುತ್ತದೆ. ಎರಡು ಬಾಟಲಿಗಳನ್ನು ಕಿಟಕಿಯಲ್ಲಿ ಪಕ್ಕಪಕ್ಕ ಇಟ್ಟಿದ್ದೆ. ಒಂದೇ ಹಣ್ಣಿನ ಸಿಪ್ಪೆ, ಒಂದು ಕೆಂಪು, ಒಂದು ಹಳದಿ.

ನಮ್ಮ ಅತ್ತೆ ಅದನ್ನು ನೋಡಿ ಹೇಳಿದ್ದು ನನಗೆ ಮರೆಯುವುದಿಲ್ಲ. "ಎಲ್ಲಾ ನೀರಿಗೇ ಇಳೀತಿಲ್ಲೆ ಕೂಸೆ. ಅದಕ್ಕೇ ಒಂದೆಲಗವನ್ನು ಎಣ್ಣೆಗೆ ಹಾಕಿ ಕಾಸೋದು." ಅವರು ಕಷಾಯವನ್ನು ನಾಲ್ಕರಲ್ಲೊಂದು ಇಳಿಸುತ್ತಾರೆ, ಎಣ್ಣೆ ಕಾಸುತ್ತಾರೆ. ಅರಿಷ್ಟದಲ್ಲಿ ಬೆಲ್ಲ ಹುಳಿಬಂದು ಮದ್ಯಸಾರ ತಾನಾಗಿ ಹುಟ್ಟುವುದು ಅವರಿಗೆ ಗೊತ್ತು. ನೀರು, ಎಣ್ಣೆ, ಮದ್ಯಸಾರ. ಎಂ.ಎಸ್ಸಿ.ಯಲ್ಲಿ ನಾನು ಓದಿದ ಪಾಠವನ್ನೇ ಅವರು ಅಡುಗೆಮನೆಯಲ್ಲಿ ಕಲಿತಿದ್ದಾರೆ. ಅಷ್ಟೇ ಅಲ್ಲ, ಹಸಿ ಅಡಿಕೆ ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಚೊಗರು ಕೂಡ ನೀರಿಗೆ ಇಳಿದ ಟ್ಯಾನಿನ್ ತಾನೇ!

ಬಿಸಿಯ ವಿಚಾರ ಬಂದಾಗಲೆಲ್ಲ ನನಗೆ ಚೀನಾದ ತು ಯೋಯೋ ನೆನಪಾಗುತ್ತಾರೆ. ಮಲೇರಿಯಾಕ್ಕೆ ಮದ್ದು ಹುಡುಕುವಾಗ ಅವರ ಗಿಡದ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ಹಳೆಯ ಗ್ರಂಥವೊಂದರಲ್ಲಿ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಬೇಕು ಅಂತಿತ್ತು, ಕುದಿಸುವ ಮಾತೇ ಇರಲಿಲ್ಲ. ಅದನ್ನು ಓದಿ ಅವರು 35 ಡಿಗ್ರಿಗೆ ಕುದಿಯುವ ಈಥರ್ ಬಳಸಿದರು. 1971ರಲ್ಲಿ ಆ ಸಾರ ಪೂರ್ತಿ ಕೆಲಸ ಮಾಡಿತು. ಅದರಿಂದ ಸಿಕ್ಕಿದ್ದೇ ಆರ್ಟೆಮಿಸಿನಿನ್, 2015ರಲ್ಲಿ ನೊಬೆಲ್ ಬಂತು. ಯಾವ ಗಿಡ ಸಾಕ್ಸ್‌ಲೆಟ್‌ಗೆ ಹಾಕಬೇಕು, ಯಾವುದು ಹಾಕಬಾರದು ಅಂತ ಯೋಚಿಸಿಯೇ ಮ್ಯಾಂಟಲ್ ಹಚ್ಚಿ. ಮೆಣಸು ತಡೆಯುತ್ತದೆ. ಮುರುಗಲು ತಡೆಯುವುದಿಲ್ಲ. ಉಪ್ಪಾಗೆಯ ಹುಳಿ, ಅಂದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ನೀರಿಗೇ ಬರುತ್ತದೆ. ಅದಕ್ಕೆ ಈ ಸೆಟ್ ಬೇಕಾಗಿಯೇ ಇಲ್ಲ. ಉಪ್ಪಾಗೆಯಲ್ಲಿ ಮುಖ್ಯವಾಗಿ ಇರುವುದು ಈ ಆಮ್ಲವೇ ಅಂತ 1965ರಲ್ಲಿ ಪ್ರಕಟಿಸಿದವರು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಲೂಯಿಸ್ ಮತ್ತು ನೀಲಕಂಠನ್. ಉಪ್ಪಾಗೆ ಕೊಯ್ಯುವ ಎಷ್ಟು ಜನರಿಗೆ ಇದು ಗೊತ್ತು?

ಹೊಸ ವಿಧಾನಗಳ ಜೊತೆ ಹೋಲಿಸದೆ ಇದ್ದರೆ ತಪ್ಪಾಗುತ್ತದೆ. ಆಭರಣ, ಕನ್ನಡಕ ತೊಳೆಯುವ ಸಣ್ಣ ಅಲ್ಟ್ರಾಸೋನಿಕ್ ತೊಟ್ಟಿ ಸಿಗುತ್ತದಲ್ಲ, 2,100 ರೂಪಾಯಿಗೆ ಅದನ್ನೂ ತರಿಸಿದೆ. ಮೆಣಸಿನ ಪುಡಿ, ದ್ರಾವಕ ಇರುವ ಬಾಟಲಿಯನ್ನು ಅದರ ನೀರಿನಲ್ಲಿ ನಿಲ್ಲಿಸಬೇಕು. ಶಬ್ದದ ಅಲೆಗೆ ದ್ರಾವಕದಲ್ಲಿ ಕಣ್ಣಿಗೆ ಕಾಣದ ಗುಳ್ಳೆ ಎದ್ದು ಒಡೆಯುತ್ತವೆ, ಆ ಪೆಟ್ಟಿಗೆ ಗಿಡದ ಕೋಶ ಬಿರಿಯುತ್ತದೆ. ಅರ್ಧರ್ಧ ಗಂಟೆ ಎರಡು ಸಲ ಮಾಡಿದ್ದಕ್ಕೆ ಸಾಕ್ಸ್‌ಲೆಟ್ ಕೊಟ್ಟದ್ದರ ನೂರಕ್ಕೆ 85 ಭಾಗ ಬಂತು. ಸಮಯ ಉಳಿಯಿತು, ಬಿಸಿಯೂ ಕಡಿಮೆ. ಆದರೆ ಪೂರ್ತಿ ಬಂತಾ ಅಂತ ಹೇಳಲಾಗುವುದಿಲ್ಲ, ಸೋಸುವ ಕೆಲಸವೂ ಜಾಸ್ತಿ. ದೊಡ್ಡ ಕಾರ್ಖಾನೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನೇ ದ್ರಾವಕ ಮಾಡಿಕೊಳ್ಳುತ್ತಾರೆ. 31 ಡಿಗ್ರಿ ಮತ್ತು ವಾತಾವರಣದ 73 ಪಟ್ಟು ಒತ್ತಡ ದಾಟಿದರೆ ಅದು ಗಾಳಿಯೂ ಅಲ್ಲದ, ದ್ರವವೂ ಅಲ್ಲದ ಸ್ಥಿತಿಗೆ ಬಂದು ಎಣ್ಣೆಯನ್ನು ಎಳೆಯುತ್ತದೆ. ಒತ್ತಡ ಬಿಟ್ಟ ಕೂಡಲೇ ಹಾರಿಹೋಗುತ್ತದೆ, ಏನೂ ಉಳಿಯುವುದಿಲ್ಲ. ಅಷ್ಟು ಒತ್ತಡದ ಯಂತ್ರ ಮನೆಯದ್ದಲ್ಲ.

ಈಗ ಜಾಗ್ರತೆ. ದಯವಿಟ್ಟು ಇದನ್ನು ಓದದೆ ಯಾರೂ ತರಿಸಬೇಡಿ. ನಾನು ಮನೆಯಲ್ಲಿ ಹೆಕ್ಸೇನ್ ಅನ್ನುವ ದ್ರಾವಕ ಬಳಸುವುದಿಲ್ಲ. ಕಾರ್ಖಾನೆಗಳಲ್ಲಿ ಅದು ಮಾಮೂಲು, ಆದರೆ ದಿನಾ ಉಸಿರಿಗೆ ಹೋದರೆ ಕೈಕಾಲಿನ ನರ ಕೆಡಿಸುತ್ತದೆ. ಎಥೆನಾಲ್ ಒಳ್ಳೆಯದು, ಆದರೆ ಅಬಕಾರಿ ಪರವಾನಗಿ ಬೇಕು. ಈಥೈಲ್ ಅಸಿಟೇಟ್ ಹುಬ್ಬಳ್ಳಿಯ ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದೂ ಬೇಗ ಬೆಂಕಿ ಹಿಡಿಯುವಂಥದ್ದೇ. ಇದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯವರೆಗೂ ಹೋಗಬಲ್ಲದು. ಹಾಗಾಗಿ ಬಚ್ಚಲೊಲೆಯಿಂದ ದೂರ, ಮೂರು ಕಡೆ ತೆರೆದಿರುವ ಅಡಿಕೆ ಸುಲಿಯುವ ಚಪ್ಪರದಲ್ಲಿ ಮೇಜು ಹಾಕಿದ್ದೇನೆ. ಮ್ಯಾಂಟಲ್ ಮೊದಲ ದಿನ ಬೆರಳಿಗೆ ಜುಮ್ಮೆಂದಿತು. ಹಳೇ ಮನೆಯ ಅರ್ಥಿಂಗ್ ಸರಿ ಇರಲಿಲ್ಲ, ವೈರ್‌ಮನ್ ಕರೆಸಿ ಸರಿ ಮಾಡಿಸಿದ ಮೇಲೆಯೇ ಮುಂದುವರಿದೆ. ಮ್ಯಾಂಟಲ್‌ಗೆ ಡಿಗ್ರಿ ತೋರಿಸುವ ಅಂಕಿ ಇಲ್ಲ, ಬರೀ ತಿರುಗಿಸುವ ಗುಂಡಿ. ಇದು ದೊಡ್ಡ ಕೊರತೆ. ಹಚ್ಚಿಟ್ಟು ತೋಟಕ್ಕೆ ಹೋಗುವ ಹಾಗಿಲ್ಲ.

ಬಂದ ಸಾರವನ್ನು ತಿನ್ನಬೇಡಿ, ಯಾರಿಗೂ ಕೊಡಬೇಡಿ. ಔಷಧಿ ಕಂಪನಿಗಳು ಪಾಲಿಸುವ ಅಂತಾರಾಷ್ಟ್ರೀಯ ನಿಯಮದಲ್ಲಿ ಔಷಧಿಯಲ್ಲಿ ಉಳಿಯುವ ಹೆಕ್ಸೇನ್ ಹತ್ತು ಲಕ್ಷಕ್ಕೆ 290 ಭಾಗ, ಮೆಥನಾಲ್ 3,000 ಭಾಗ ದಾಟಬಾರದು ಅಂತಿದೆ. ಸಾರದಲ್ಲಿ ದ್ರಾವಕ ಎಷ್ಟು ಉಳಿದಿದೆ ಅಂತ ತಿಳಿಯಲು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಅನ್ನುವ ಲ್ಯಾಬ್ ಯಂತ್ರ ಬೇಕು. ಮೂಗಿಗೆ ವಾಸನೆ ಬರಲಿಲ್ಲ ಅನ್ನುವುದು ಪರೀಕ್ಷೆ ಅಲ್ಲ. ನಮ್ಮ ಮನೆಯಲ್ಲಿ ಈಗಲೂ ಕೆಮ್ಮಿಗೆ ಅತ್ತೆಯ ಮೆಣಸಿನ ಕಷಾಯವೇ.

ತರಿಸುವವರಿಗೆ ಇನ್ನೆರಡು ಮಾತು. 0.01 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು, ಇಲ್ಲದಿದ್ದರೆ ಈ ಸೆಟ್ ವ್ಯರ್ಥ. ಪುಡಿ ನುಣ್ಣಗೆ ಮಾಡಬೇಡಿ, ದ್ರಾವಕ ಇಳಿಯದೆ ಕಟ್ಟಿಕೊಳ್ಳುತ್ತದೆ, ಉಪ್ಪಿಟ್ಟಿನ ರವೆಯಷ್ಟು ತರಿ ಇರಲಿ. ಕೊನೆಯಲ್ಲಿ ತಿಂಬಲ್ ತೆಗೆದು ಮತ್ತೊಮ್ಮೆ ಕುದಿಸಿ, ಎಕ್ಸ್‌ಟ್ರಾಕ್ಟರ್ ತುಂಬಿ ಸೈಫನ್ ಇಳಿಯುವ ಮೊದಲೇ ಬಿಸಿ ನಿಲ್ಲಿಸಿದರೆ ಅಲ್ಲಿ ನಿಂತ ದ್ರಾವಕ ಶುದ್ಧವಾಗಿ ವಾಪಸ್ ಸಿಗುತ್ತದೆ. 300ರಲ್ಲಿ 180 ಎಂ.ಎಲ್. ನಾನು ಹೀಗೆ ಉಳಿಸುತ್ತೇನೆ.

ಕಳೆದ ಮಾರ್ಚ್‌ನಲ್ಲಿ ಮೆಣಸು ಒಯ್ಯುವಾಗ ಜೊಳ್ಳನ್ನು ಬೇರೆ ಚೀಲ ಮಾಡಿದೆವು, 22 ಕೆಜಿ ಆಯಿತು. ಗಟ್ಟಿ ಮಾಲಿಗೆ ಲೀಟರ್ ತೂಕ 560 ಬಂತು, ಕಡಿತ ಇಲ್ಲ. ಜೊಳ್ಳಿನ ಚೀಲಕ್ಕೆ ನನ್ನ ಅಂಕಿ ಬರೆದ ಚೀಟಿ ಹಾಕಿ, ಓಲಿಯೋರೆಸಿನ್ ಕಂಪನಿಗೆ ಮಾಲು ಕಳಿಸುವ ಬೇರೊಬ್ಬ ವ್ಯಾಪಾರಿಗೆ ತೋರಿಸಿದೆವು. ಆತ ಚೀಟಿ ಓದಿ, ಎರಡು ಕಾಳು ಬಾಯಿಗೆ ಹಾಕಿಕೊಂಡು, ತಾನೂ ಲ್ಯಾಬಿಗೆ ಕಳಿಸಿ ನೋಡುತ್ತೇನೆ ಅಂತ ಅರ್ಧ ಕೆಜಿ ತಗೊಂಡು ಹೋದ. ಹನ್ನೆರಡು ದಿನದ ಮೇಲೆ ಫೋನ್ ಬಂತು. ಅವರ ಲ್ಯಾಬಿನ ಅಂಕಿ 13.9. ಪೂರ್ತಿ ಚೀಲ ತಗೊಂಡ. ಈಗ ಆಚೆಮನೆ ಭಾವ ಅವರ ಮೆಣಸು ತಂದುಕೊಟ್ಟಿದ್ದಾರೆ, ಊರಿನ ಇನ್ನೂ ಮೂರು ಮನೆಯವರು ಕೇಳಿದ್ದಾರೆ. ತಿಂಬಲ್ ಎರಡೂ ಹರಿದಿವೆ, ಹತ್ತಕ್ಕೆ ಆರ್ಡರ್ ಹಾಕಿದ್ದೇನೆ.